ಇಂಗ್ಲಿಷಿನಿಂದ ಲಾಟ್ವಿಯನ್ನಿಗೆ, ಕನ್ನಡದ ದಾರಿಯಲ್ಲಿ

ಕೇಳುಗರಿಗೆ ನಮಸ್ಕಾರ.

ಓದಲೆಂದು ಯುರೋಪಿನ ಲಾಟ್ವಿಯ ದೇಶದ ರಾಜಧಾನಿ ರೀಗಕ್ಕೆ ಹೋಗುವ ನಮ್ಮ ವಿದ್ಯಾರ್ಥಿಗಳು ಅಲ್ಲಿನ ಭಾಷೆಯನ್ನು ಇಂಗ್ಲಿಷ್ ಪದಪಟ್ಟಿಯಿಂದಲೇ ಕಲಿಯತೊಡಗುತ್ತಾರೆ. ಒಂದು ಪದಕ್ಕೆ ಒಂದು ಪದ ಹೊಂದಿಸುತ್ತ ಹೋದರೆ ತೊಡಕು ಶುರು. 'ಐ ಹ್ಯಾವ್ ಎ ಸಿಸ್ಟರ್' ಅನ್ನುವುದನ್ನೇ ನೋಡಿ. ಲಾಟ್ವಿಯನ್ನರು 'ಮನ್ ಇರ್ ಮಾಸ' ಅನ್ನುತ್ತಾರೆ. ಮನ್ ಅಂದರೆ ನನಗೆ, ಇರ್ ಅಂದರೆ ಇದೆ ಅಥವಾ ಇದ್ದಾಳೆ. 'ಗೆ' ಪ್ರತ್ಯಯದ ನಮ್ಮದೇ ಚತುರ್ಥಿ ವಿಭಕ್ತಿ! 'ಮನ್ ಪತೀಕ್', ನನಗೆ ಇಷ್ಟ. 'ಮನ್ ಇರ್ ಔಕ್ಸ್ತಿ', ನನಗೆ ಚಳಿ. ಹಾಗಾಗಿ ಇಂಗ್ಲಿಷ್ ವಾಕ್ಯವನ್ನು ಮೊದಲು ಕನ್ನಡದಲ್ಲಿ ಹೇಳಿಕೊಂಡು ಆಮೇಲೆ ಲಾಟ್ವಿಯನ್ನಿಗೆ ತಿರುಗಿಸಿ. ಮಾಸ ಮಾತ್ರ ಅಕ್ಕನೂ ಹೌದು, ತಂಗಿಯೂ ಹೌದು. ಬಿಡಿಸಿ ಹೇಳಬೇಕಾದರೆ ಅಕ್ಕನಿಗೆ 'ವೆಟ್ಸಾಕಾ ಮಾಸ', ತಂಗಿಗೆ 'ಯೌನಾಕಾ ಮಾಸ'.

ಮೈಯ ಅಂಗಗಳಲ್ಲೂ ಹೀಗೆಯೇ. ಇಂಗ್ಲಿಷಿಗೆ 'ಹ್ಯಾಂಡ್' ಬೇರೆ, 'ಆರ್ಮ್' ಬೇರೆ; ಲಾಟ್ವಿಯನ್ನಿಗೆ ಎರಡೂ 'ರುವಕ', ನಮ್ಮ ಕೈಯಂತೆ. ಕಾಲಿಗೂ ಪಾದಕ್ಕೂ 'ಕಾಯ'. ಕೈಬೆರಳು, ಕಾಲ್ಬೆರಳು ಎರಡಕ್ಕೂ ಒಂದೇ ಪದ.

ಇಂಗ್ಲಿಷಿನ 'ನೋ', ಅಂದರೆ ತಿಳಿದಿರುವುದು, ಇಲ್ಲಿ ಮೂರಾಗಿ ಒಡೆಯುತ್ತದೆ. ವಿಷಯ ಗೊತ್ತಿದ್ದರೆ 'ಜ಼ಿನು'. ವ್ಯಕ್ತಿಯ ಪರಿಚಯವಿದ್ದರೆ 'ಪಜ಼ೀಸ್ತು'. ಈಜು ಬರುತ್ತದೆ, ಅಡುಗೆ ಬರುತ್ತದೆ ಎನ್ನುವಲ್ಲಿ 'ಪ್ರುವತು'. 'ಗೋ' ಎಂಬುದಕ್ಕೆ ನಡೆದು ಹೋದರೆ 'ಇಯೆತ್', ಬಸ್ಸಿನಲ್ಲೋ ಕಾರಿನಲ್ಲೋ ಹೋದರೆ 'ಬ್ರೌಕ್ತ್'. 'ಯೂ' ಕೂಡ ಎರಡು: ನೀನು ಎನ್ನಲು 'ತು', ನೀವು ಎನ್ನಲು 'ಯೂಸ್'. ಪ್ರಾಧ್ಯಾಪಕರಿಗೆ 'ತು' ಅಂದುಬಿಟ್ಟರೆ ಏಕವಚನ ಹಾಕಿದಂತೆಯೇ. ರೂಪ ನೋಡಿಯೂ ಮೋಸಹೋಗಬೇಡಿ. ಇಂಗ್ಲಿಷಿನಲ್ಲಿ ಮೆಕ್ಕೆಜೋಳಕ್ಕಿರುವ 'ಮೇಯ್ಜ಼್' ಎಂಬ ಪದವನ್ನು ಬರೆಯುವ ಅಕ್ಷರಗಳನ್ನೇ ಲಾಟ್ವಿಯನ್ನಿನಲ್ಲಿ 'ಮೈಜ಼ೆ' ಎಂದು ಓದಬೇಕು. ಅದರ ಅರ್ಥ ಬ್ರೆಡ್ಡು. ಮೆಕ್ಕೆಜೋಳಕ್ಕೆ 'ಕುಕುರೂಜ಼'.

ಕನ್ನಡ ಕೈಕೊಡುವುದು ಲಿಂಗದಲ್ಲಿ. ಮೇಜು, 'ಗಲ್ದ್ಸ್', ಪುಲ್ಲಿಂಗ. ಪುಸ್ತಕ, 'ಗ್ರಾಮತ', ಸ್ತ್ರೀಲಿಂಗ. ದೊಡ್ಡ ಮೇಜು 'ಲಿಯೆಲ್ಸ್ ಗಲ್ದ್ಸ್', ದೊಡ್ಡ ಪುಸ್ತಕ 'ಲಿಯೆಲ ಗ್ರಾಮತ'. ಸಕಾರದಲ್ಲಿ ಮುಗಿಯುವ ಪದಗಳು ಹೆಚ್ಚಾಗಿ ಪುಲ್ಲಿಂಗವೇ. ಆದರೆ ರಾತ್ರಿ ಎಂಬರ್ಥದ 'ನಕ್ತ್ಸ್' ಸ್ತ್ರೀಲಿಂಗ. ನಕ್ತಂಚರ ಎನ್ನುವಾಗ ನಾವು ಬಳಸುವ ಸಂಸ್ಕೃತದ 'ನಕ್ತ'ಕ್ಕೆ ಇದು ದೂರದ ನೆಂಟ.

ಆದ್ದರಿಂದ ಪದವನ್ನು ಒಂಟಿಯಾಗಿ ಬರೆದಿಡಬೇಡಿ. ನಾಮಪದವಾದರೆ ಪ್ರಥಮಾ, ಷಷ್ಠಿ, ಲಿಂಗ ಮೂರೂ ಇರಲಿ: ಸೋದರ 'ಬ್ರಾಲಿಸ್', ಸೋದರನ 'ಬ್ರಾಲ್ಯ'. ಲಕಾರ ಮೆತ್ತಗಾಗುವುದು ಷಷ್ಠಿ ಬರೆದಾಗಲೇ ಕಣ್ಣಿಗೆ ಬೀಳುವುದು. ಕ್ರಿಯಾಪದಕ್ಕೂ ಮೂರು ರೂಪ: 'ಇಯೆತ್, ಎಯು, ಗಾಯು', ಅಂದರೆ ಹೋಗುವುದು, ಹೋಗುತ್ತೇನೆ, ಹೋದೆ. ಅನುಮಾನ ಬಂದರೆ ಲಾಟ್ವಿಯ ವಿಶ್ವವಿದ್ಯಾಲಯದ ಗಣಿತ ಮತ್ತು ಗಣಕವಿಜ್ಞಾನ ಸಂಸ್ಥೆಯ 'ತೇಜ಼ೌರ್ಸ್' ಎಂಬ ಅಂತರ್ಜಾಲ ನಿಘಂಟಿನಲ್ಲಿ ವಿಭಕ್ತಿರೂಪಗಳ ಪಟ್ಟಿಯೇ ಸಿಗುತ್ತದೆ.

ಹ್ರಸ್ವ, ದೀರ್ಘಗಳ ವಿಷಯದಲ್ಲಿ ಎಚ್ಚರ ತಪ್ಪಬಾರದು. ಲಾಟ್ವಿಯನ್ನಿನಲ್ಲಿ ದೀರ್ಘಸ್ವರದ ಮೇಲೆ ಅಡ್ಡಗೆರೆ ಎಳೆಯುತ್ತಾರೆ. ಮೊಬೈಲಿನಲ್ಲಿ ಬರೆಯುವಾಗ ಅದನ್ನು ಬಿಟ್ಟರೆ ಅರ್ಥವೇ ಬದಲಾದೀತು. 'ಪಿಲೆ' ಅಂದರೆ ಹನಿ, 'ಪೀಲೆ' ಅಂದರೆ ಬಾತುಕೋಳಿ. 'ರೀಗ' ಎಂದು ಹ್ರಸ್ವವಾಗಿ ಮುಗಿಸಿದರೆ ಊರಿನ ಹೆಸರು, 'ರೀಗಾ' ಎಂದು ಎಳೆದರೆ ಆ ಊರಿನಲ್ಲಿ ಎಂದರ್ಥ. ನಮ್ಮ 'ಅಲ್ಲಿ' ಪ್ರತ್ಯಯದ ಕೆಲಸವನ್ನು ಆ ಒಂದು ದೀರ್ಘವೇ ಮಾಡುತ್ತದೆ. ಕನ್ನಡ ಲಿಪಿಯಲ್ಲಿ ಉಚ್ಚಾರಣೆ ಗುರುತು ಹಾಕಿಕೊಂಡರೆ ಈ ವ್ಯತ್ಯಾಸ ತಪ್ಪಿಹೋಗದು. ಒತ್ತು ಸಾಮಾನ್ಯವಾಗಿ ಮೊದಲ ಅಕ್ಷರದ ಮೇಲೆ. ಆದರೆ ದಿನವೂ ಬಾಯಿಗೆ ಬರುವ ಈ ಎರಡು ಪದಗಳಲ್ಲಿ ಎರಡನೆಯದನ್ನು ಒತ್ತಿ ಹೇಳಿ: ನಮಸ್ಕಾರ ಎನ್ನಲು 'ಲಬ್‌ದಿಯೆನ್', ಧನ್ಯವಾದ ಹೇಳಲು 'ಪಲ್‌ದಿಯೆಸ್'.