ನಕ್ಷತ್ರಗಳ ಲೆಕ್ಕ, ಗೆಲುವಿನ ಲೆಕ್ಕ

ಕೇಳುಗರಿಗೆ ನಮಸ್ಕಾರ.

‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಅನ್ನುತ್ತೇವಲ್ಲ, ಆ ಮಾತನ್ನೇ ಬಂಡವಾಳ ಮಾಡಿಕೊಂಡು ಅಮೆರಿಕದಲ್ಲಿ ಒಂದು ದೊಡ್ಡ ವ್ಯವಹಾರವೇ ನಡೆಯುತ್ತದೆ. ಹೈಸ್ಕೂಲಿನಲ್ಲಿ ಫುಟ್‌ಬಾಲ್ ಆಡುವ ಹದಿನಾರು, ಹದಿನೇಳರ ಹುಡುಗರಿಗೆ ಹೋಟೆಲುಗಳಿಗೆ ಕೊಟ್ಟ ಹಾಗೆ ನಕ್ಷತ್ರ ಕೊಡುತ್ತಾರೆ. ಇದು ಕಾಲಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಆಟ. 247ಸ್ಪೋರ್ಟ್ಸ್, ರೈವಲ್ಸ್, ಇಎಸ್‌ಪಿಎನ್‌ನಂಥ ಸಂಸ್ಥೆಗಳು ಪಟ್ಟಿ ಹೊರಡಿಸುತ್ತವೆ. ವರ್ಷಕ್ಕೆ ಸುಮಾರು 32 ಹುಡುಗರಿಗೆ ಐದು ನಕ್ಷತ್ರ. ವೃತ್ತಿಪರ ಲೀಗಾದ ಎನ್‌ಎಫ್‌ಎಲ್‌ನ ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟಿನ ಮೊದಲ ಸುತ್ತಿನಲ್ಲಿ 32 ಆಯ್ಕೆಗಳಿವೆ, ಅದೇ ಅಳತೆ. ನಾಲ್ಕು ನಕ್ಷತ್ರದವರು ಮುನ್ನೂರು, ನಾನೂರು. ಮೂರು ನಕ್ಷತ್ರದವರು ಸಾವಿರಕ್ಕೂ ಮೀರಿ.

ಈ ನಕ್ಷತ್ರದ ಹುಡುಗರನ್ನು ಸೇರಿಸಿಕೊಂಡ ಕಾಲೇಜೇ ಗೆಲ್ಲುತ್ತದೆಯೇ?

ಇಲ್ಲ ಅನ್ನುವವರು ತಟ್ಟನೆ ಎನ್‌ಎಫ್‌ಎಲ್‌ನಲ್ಲಿ ಮೆರೆದವರ ಹೆಸರು ಹೇಳುತ್ತಾರೆ. ಪ್ಯಾಟ್ರಿಕ್ ಮಹೋಮ್ಸ್ ಮೂರು ನಕ್ಷತ್ರದವನು, ಜೆ.ಜೆ. ವಾಟ್ ಎರಡೇ ನಕ್ಷತ್ರದವನು, ಜಾಶ್ ಆಲೆನ್‌ನನ್ನಂತೂ ಹೈಸ್ಕೂಲು ಮುಗಿದಾಗ ದೊಡ್ಡ ಕಾಲೇಜು ಯಾವುದೂ ಕರೆಯಲಿಲ್ಲ. ನಿಜವೇ. ಆದರೆ ಅಲ್ಲೊಂದು ಎಣಿಕೆಯ ಎಡವಟ್ಟಿದೆ. ಲೆಕ್ಕಕ್ಕಾಗಿ ಹೀಗೆ ಇಟ್ಟುಕೊಳ್ಳಿ: ಐದು ನಕ್ಷತ್ರದ 30 ಹುಡುಗರಲ್ಲಿ ಅರ್ಧ ಜನ ಮೇಲೆ ಬಂದರೆ 15. ಮೂರು ನಕ್ಷತ್ರದ 1,500 ಹುಡುಗರಲ್ಲಿ ಇಪ್ಪತ್ತಕ್ಕೊಬ್ಬ ಮೇಲೆ ಬಂದರೂ 75. ಟಿವಿಯಲ್ಲಿ ನಮ್ಮ ಕಣ್ಣಿಗೆ ಬೀಳುವುದು ಆ 75 ಜನ. ಕೋಚ್‌ಗೆ ಬೇಕಾಗಿರುವುದು ಮಾತ್ರ ಬೇರೆ ಲೆಕ್ಕ: ತಾನು ಒಬ್ಬ ಹುಡುಗನಿಗೆ ಸ್ಕಾಲರ್‌ಶಿಪ್ ಕೊಟ್ಟರೆ ಅವನು ಫಲ ಕೊಡುವ ಸಂಭವ ಎಷ್ಟು? ಅರ್ಧವೋ, ಇಪ್ಪತ್ತರಲ್ಲಿ ಒಂದೋ?

ಆಟ ಬಲ್ಲವರು ಒಂದು ಅಳತೆ ಇಟ್ಟುಕೊಂಡಿದ್ದಾರೆ, ಬ್ಲೂ ಚಿಪ್ ರೇಶಿಯೋ ಅಂತ. ಹಿಂದಿನ ನಾಲ್ಕು ವರ್ಷ ಹೈಸ್ಕೂಲಿನಿಂದ ನೇರವಾಗಿ ಸೇರಿಸಿಕೊಂಡವರಲ್ಲಿ ನಾಲ್ಕು, ಐದು ನಕ್ಷತ್ರದವರು ಅರ್ಧಕ್ಕಿಂತ ಹೆಚ್ಚಿದ್ದಾರೆಯೇ ಎಂದು ನೋಡುವುದು, ಅಷ್ಟೇ. ಮೇಲಿನ ದರ್ಜೆಯಲ್ಲಿ 130ಕ್ಕೂ ಹೆಚ್ಚು ತಂಡಗಳಿದ್ದರೂ ಇತ್ತೀಚೆಗೆ ಈ ಗೆರೆ ದಾಟುವವು 16ರಿಂದ 18. 2011ರಿಂದ 2024ರವರೆಗಿನ 14 ಹಂಗಾಮುಗಳಲ್ಲಿ ರಾಷ್ಟ್ರೀಯ ಪ್ರಶಸ್ತಿ ಗೆದ್ದ ತಂಡಗಳೆಲ್ಲ ಈ ಗೆರೆ ದಾಟಿದವೇ. ಅವೂ ಬರೀ ಏಳು ವಿಶ್ವವಿದ್ಯಾಲಯಗಳು. ಅಲಬಾಮಾ ಒಂದೇ ಐದು ಬಾರಿ ಗೆದ್ದಿತು.

ಹಾಗಾದರೆ ಒಬ್ಬ ಮಹಾ ಆಟಗಾರ ಸಿಕ್ಕರೆ ಸಾಕೇ? ಬ್ಯಾಸ್ಕೆಟ್‌ಬಾಲಿನಲ್ಲಿ ಸಾಕಾಗಬಹುದು, ಅಂಗಳದಲ್ಲಿ ಐದೇ ಜನ. 2003ರಲ್ಲಿ ಕಾರ್ಮೆಲೊ ಆಂಥನಿ ಮೊದಲ ವರ್ಷದ ವಿದ್ಯಾರ್ಥಿಯಾಗಿಯೇ ಸಿರಾಕ್ಯೂಸ್‌ಗೆ ಪ್ರಶಸ್ತಿ ತಂದ. ಫುಟ್‌ಬಾಲಿನಲ್ಲಿ ದಾಳಿಗೆ ಹನ್ನೊಂದು, ರಕ್ಷಣೆಗೆ ಬೇರೆ ಹನ್ನೊಂದು. ಮುಂದಿನ ಸಾಲಿನಲ್ಲಿ ನಿಲ್ಲುವ ಒಬ್ಬೊಬ್ಬ ಲೈನ್‌ಮನ್ 130–140 ಕಿಲೋ ತೂಗುತ್ತಾನೆ. ಪಂದ್ಯದಲ್ಲಿ 60–70 ಸಲ ಎದುರಾಳಿಗೆ ಡಿಕ್ಕಿ ಹೊಡೆಯಬೇಕು. ಕೊನೆಯ ಕ್ವಾರ್ಟರಿನ ಹೊತ್ತಿಗೆ ಉಸಿರು ಸೋರಿರುತ್ತದೆ. ಆಗ ಬೆಂಚಿನಿಂದ ಎದ್ದು ಬರುವವನೂ ಮೊದಲನೆಯವನಷ್ಟೇ ಗಟ್ಟಿಗನಾಗಿದ್ದರೆ ಪಂದ್ಯ ಅಲ್ಲಿಗೆ ಮುಗಿದ ಹಾಗೆ. ತೆನೆಗೂಡಿದರೆ ಬಳ್ಳ ಅನ್ನುವುದು ಇಂಥದಕ್ಕೇ.

2023ರ ಜನವರಿ 9ರ ಫೈನಲ್ ನೋಡಿ. ಗೆರೆಯಿಂದ ಬಹಳ ಕೆಳಗಿದ್ದ ಟೆಕ್ಸಸ್ ಕ್ರಿಶ್ಚಿಯನ್ ತಂಡ ಸೆಮಿಫೈನಲಿನಲ್ಲಿ ಮಿಶಿಗನ್ ತಂಡವನ್ನು 51–45ರಿಂದ ಸೋಲಿಸಿ ಬಂದಿತ್ತು. ಎದುರಿಗೆ ಜಾರ್ಜಿಯಾ. ಟೆಕ್ಸಸ್ ತಂಡದ ರಕ್ಷಣೆ 3–3–5 ವ್ಯೂಹ, ಮುಂದಿನ ಸಾಲಿನಲ್ಲಿ ಮೂರೇ ಜನ. ವೇಗದ ಎದುರಾಳಿಗಳ ವಿರುದ್ಧ ಅದು ಜಾಣತನ. ಜಾರ್ಜಿಯಾದ ಐವರು ಲೈನ್‌ಮನ್‌ಗಳ ಎದುರು ಆ ಮೂವರು ನಿಲ್ಲಲಾಗಲಿಲ್ಲ. ಅರ್ಧ ಆಟಕ್ಕೆ 38–7, ಮುಗಿದಾಗ 65–7. ಜಾರ್ಜಿಯಾ ಕ್ರಮಿಸಿದ್ದು 589 ಗಜ, ಟೆಕ್ಸಸ್ ತಂಡ 188. ತಮಾಷೆ ಏನು ಗೊತ್ತೇ? ಆ ರಾತ್ರಿ ಚೆಂಡನ್ನು ಎದುರಾಳಿಯ ಗಡಿ ದಾಟಿಸುವ ಟಚ್‌ಡೌನಿಗೆ ನಾಲ್ಕು ಪಾಸ್ ಎಸೆದು, ತಾನೇ ಓಡಿ ಇನ್ನೆರಡು ಗಳಿಸಿದ, ಜಾರ್ಜಿಯಾದ ದಾಳಿ ನಡೆಸುವ ಕ್ವಾರ್ಟರ್‌ಬ್ಯಾಕ್ ಸ್ಟೆಟ್ಸನ್ ಬೆನೆಟ್, 2017ರಲ್ಲಿ ಸ್ಕಾಲರ್‌ಶಿಪ್ ಇಲ್ಲದೆ ತಂಡ ಸೇರಿದವನು. ನಕ್ಷತ್ರವಿಲ್ಲದವನೂ ಗೆಲ್ಲಬಹುದು, ಸುತ್ತ ನಕ್ಷತ್ರಗಳು ಕಿಕ್ಕಿರಿದಿದ್ದರೆ!

ತದ್ವಿರುದ್ಧ ಉದಾಹರಣೆ ಟೆಕ್ಸಸ್ ಎ ಅಂಡ್ ಎಂ. 2022ರಲ್ಲಿ ಅವರು ಸೇರಿಸಿಕೊಂಡ ಹುಡುಗರ ಗುಂಪಿಗೆ ಪಟ್ಟಿಗಾರರು ಅಲ್ಲಿಯವರೆಗೆ ಯಾರಿಗೂ ಕೊಡದಷ್ಟು ಅಂಕ ಕೊಟ್ಟರು. ಆ ವರ್ಷ ಗೆದ್ದದ್ದು ಐದು, ಸೋತದ್ದು ಏಳು. ಸೆಪ್ಟೆಂಬರಿನಲ್ಲಿ, ಅವರದೇ ಮೈದಾನದಲ್ಲಿ, ಅಪಲಾಚಿಯನ್ ಸ್ಟೇಟ್ ಎಂಬ ಸಣ್ಣ ತಂಡ ಅವರನ್ನು 17–14ರಿಂದ ಸೋಲಿಸಿತು. ಅರವತ್ತು ನಿಮಿಷದಲ್ಲಿ ನಲವತ್ತಕ್ಕೂ ಹೆಚ್ಚು ನಿಮಿಷ ಚೆಂಡು ಆ ಸಣ್ಣ ತಂಡದ ಕೈಯಲ್ಲೇ ಇತ್ತು. ಎಂಥ ನಕ್ಷತ್ರವಾದರೂ ಚೆಂಡೇ ಸಿಗದೆ ಏನು ಮಾಡೀತು? ಮೊದಲ ವರ್ಷದ ಹುಡುಗ ಎಷ್ಟೇ ಗಟ್ಟಿಗನಾಗಲಿ, ಎದುರಿಗೆ ನಿಲ್ಲುವವನು ಇಪ್ಪತ್ತೆರಡರ ಪ್ರಾಯದವನು. ಐದು ವರ್ಷದ ಕಸರತ್ತು ಒಂದು ಬೇಸಿಗೆಯಲ್ಲಿ ಮೈಗೆ ಬರುವುದಿಲ್ಲ. ಪಟ್ಟಿಯ ಫಲ ಎರಡು, ಮೂರನೇ ವರ್ಷಕ್ಕೆ. ಅಷ್ಟರಲ್ಲಿ ಆ ಗುಂಪಿನ ಹಲವರು ಬೇರೆ ಕಾಲೇಜಿಗೆ ಹೊರಟೇ ಹೋಗಿದ್ದರು.

ಪಟ್ಟಿಗಾರರ ಕಣ್ಣು ತಪ್ಪುವುದೂ ಇಂಥ ಕಡೆಯೇ. ಓಟ, ಎತ್ತರ, ಜಿಗಿತ ಅಳೆಯುವುದು ಸುಲಭ: 40 ಗಜ ಓಡಿಸಿ, ಗಡಿಯಾರ ನೋಡಿದರಾಯಿತು. ಲೈನ್‌ಮನ್ ವಿಷಯ ಹಾಗಲ್ಲ. ಹದಿನೇಳರಲ್ಲಿ 115 ಕಿಲೋ ಇದ್ದವನು ಕಾಲಿನ ಚುರುಕು ಕಳೆದುಕೊಳ್ಳದೆ 140 ಕಿಲೋ ಆಗುತ್ತಾನೆಯೇ? ಹೇಳುವವರು ಯಾರು? ಜಾರ್ಜಿಯಾದ ಜೋರ್ಡನ್ ಡೇವಿಸ್ ಮೂರು ನಕ್ಷತ್ರದ ಹುಡುಗನಾಗಿ ಸೇರಿದ. 2022ರಲ್ಲಿ ಎನ್‌ಎಫ್‌ಎಲ್ ಪರೀಕ್ಷೆಗೆ ನಿಂತಾಗ ತೂಕ 341 ಪೌಂಡ್, ಅಂದರೆ 155 ಕಿಲೋ ಹತ್ತಿರ. ಆ ಮೈ ಹೊತ್ತು 40 ಗಜವನ್ನು 4.78 ಸೆಕೆಂಡಿನಲ್ಲಿ ಓಡಿದ! ಕ್ವಾರ್ಟರ್‌ಬ್ಯಾಕ್‌ನದು ಇನ್ನೂ ಕಷ್ಟ. ಬೇಸಿಗೆ ಶಿಬಿರಗಳ ಏಳು–ಏಳು ಜನರ ಆಟದಲ್ಲಿ ಮೇಲೆ ಬಿದ್ದು ಕೆಡವುವವರೇ ಇರುವುದಿಲ್ಲ. ಅಲ್ಲಿ ತೋಳಿನ ಬಲ ಗೊತ್ತಾದೀತು, ಎದೆಗಾರಿಕೆ ಗೊತ್ತಾಗದು. ಇನ್ನೊಂದು ಚೋದ್ಯವಿದೆ: ಅಲಬಾಮಾದಂಥ ಕಾಲೇಜು ಒಬ್ಬನಿಗೆ ಕರೆ ಕೊಟ್ಟ ಸುದ್ದಿ ಬಂದರೆ ಸಾಕು, ಅವನ ನಕ್ಷತ್ರ ಏರುವುದುಂಟು. ದೊಡ್ಡ ಕೋಚ್‌ಗಳ ಅಂದಾಜೂ ಪಟ್ಟಿಯೊಳಗೆ ಬೆರೆತಿದೆ. ಪಟ್ಟಿ ನಿಜವಾಗುವುದಕ್ಕೆ ಅದೂ ಒಂದು ಕಾರಣ.

2021ರಿಂದೀಚೆಗೆ ಲೆಕ್ಕವೇ ಬದಲಾಯಿತು. ಆಟಗಾರ ತನ್ನ ಹೆಸರಿನಿಂದ ಹಣ ಗಳಿಸಬಹುದು; ಒಂದು ವರ್ಷ ಬೆಂಚಿನ ಮೇಲೆ ಕೂರದೆ, ಕಾಲೇಜು ಬದಲಿಸುವವರು ಹೆಸರು ಕೊಡುವ ಟ್ರಾನ್ಸ್‌ಫರ್ ಪೋರ್ಟಲ್ ಮೂಲಕ ಬೇರೆ ಕಾಲೇಜಿಗೆ ಹೋಗಬಹುದು. ಇಂಡಿಯಾನಾ ತಂಡ 2023ರಲ್ಲಿ ಗೆದ್ದದ್ದು ಮೂರೇ ಪಂದ್ಯ. ಹೊಸ ಕೋಚ್ ಕರ್ಟ್ ಸಿಗ್ನೆಟಿ ತನ್ನ ಹಳೆಯ ಜೇಮ್ಸ್ ಮ್ಯಾಡಿಸನ್ ತಂಡದಿಂದ 13 ಆಟಗಾರರನ್ನು ಜೊತೆಗೇ ಕರೆತಂದ. ಮರುವರ್ಷವೇ 11 ಗೆಲುವು. 2025ರ ಹಂಗಾಮಿನಲ್ಲಿ ಹದಿನಾರಕ್ಕೆ ಹದಿನಾರೂ ಗೆದ್ದು, ಫೈನಲಿನಲ್ಲಿ ಮಯಾಮಿಯನ್ನು 27–21ರಿಂದ ಸೋಲಿಸಿ ಪ್ರಶಸ್ತಿ ಪಡೆಯಿತು. ಕ್ವಾರ್ಟರ್‌ಬ್ಯಾಕ್ ಫರ್ನಾಂಡೊ ಮೆಂಡೋಸಾ ಹೈಸ್ಕೂಲಿನಲ್ಲಿ ಮೂರು ನಕ್ಷತ್ರ ದಾಟಿದವನಲ್ಲ. ಕ್ಯಾಲಿಫೋರ್ನಿಯಾದಲ್ಲಿ ಪಳಗಿ ಬಂದವನು. ಬ್ಲೂ ಚಿಪ್ ಗೆರೆ ಅಲ್ಲಿಗೆ ಮುರಿಯಿತು.

ನನ್ನ ಮಟ್ಟಿಗೆ ಇದು ನಕ್ಷತ್ರಗಳ ಸೋಲಲ್ಲ. ಸಿಗ್ನೆಟಿ ಮೊಳಕೆ ನೋಡದೆ ಫಸಲು ನೋಡಿ ಕೊಂಡ. ಕಾಲೇಜು ಮೈದಾನದಲ್ಲಿ ಮೂರು ವರ್ಷ ಆಡಿದವನ ಬಗ್ಗೆ ಊಹೆ ಮಾಡುವುದು ಏನು ಉಳಿದಿರುತ್ತದೆ? ಆದರೆ ಹಾಗೆ ಪಳಗಿದವನನ್ನು ಕೊಳ್ಳಲು ಎಲ್ಲರೂ ಕಾದಿರುತ್ತಾರೆ, ಬೆಲೆಯೂ ಹೆಚ್ಚು. ಡಿಸೆಂಬರಿನಲ್ಲಿ ಹೈಸ್ಕೂಲು ಹುಡುಗರ ಸಹಿ ಮುಗಿದರೆ ಜನವರಿಯಲ್ಲಿ ಪೋರ್ಟಲ್ ತೆರೆಯುತ್ತದೆ. ಮಿಶಿಗನ್ನಿನ ಆನ್ ಆರ್ಬರಿನಲ್ಲೋ ಟೆಕ್ಸಸ್ಸಿನ ಆಸ್ಟಿನ್ನಿನಲ್ಲೋ ಮಕ್ಕಳನ್ನು ಓದಿಸುತ್ತಿರುವ ನಮ್ಮವರು ತಮ್ಮ ತಂಡದ ಭವಿಷ್ಯ ಅಂದಾಜು ಮಾಡಬೇಕೆಂದಿದ್ದರೆ ಎರಡೂ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟುಕೊಳ್ಳಲಿ. ಮೊದಲು ಲೈನ್‌ಮನ್‌ಗಳನ್ನು ಎಣಿಸಲಿ, ಎರಡನೇ ಸಾಲಿನವರನ್ನೂ ಬಿಡದೆ. ಕ್ವಾರ್ಟರ್‌ಬ್ಯಾಕ್ ಹೆಸರನ್ನು ಆಮೇಲೆ ನೋಡಿದರಾಯಿತು.

ನಮಸ್ಕಾರ.