ನಂದಿ ಹಾಲ್ಟ್: ಮಾಸ್ತರಿಲ್ಲದ ಸ್ಟೇಷನ್

ಎಲ್ಲರಿಗೂ ನಮಸ್ಕಾರ.

ಸ್ಟೇಷನ್ ಮಾಸ್ತರಿಲ್ಲ ಅಂದ ಕೂಡಲೇ ಅದು ರೈಲ್ವೆಯವರು ಕೈಬಿಟ್ಟ ಜಾಗ ಅಂತ ಅಂದುಕೊಳ್ಳುತ್ತೇವೆ. ಯಲಹಂಕ–ಚಿಕ್ಕಬಳ್ಳಾಪುರ ದಾರಿಯಲ್ಲಿ, ನಂದಿ ಬೆಟ್ಟದ ಹತ್ತಿರ ಇರುವ ನಮ್ಮ ಸಣ್ಣ ನಿಲ್ದಾಣ ನಂದಿ ಹಾಲ್ಟ್ ವಿಚಾರದಲ್ಲಿ ನನಗೆ ಹಾಗನ್ನಿಸುವುದಿಲ್ಲ. ಈ ಸೀಮೆಗೆ ರೈಲು ಬಂದದ್ದೇ ಕಮ್ಮಿ ಖರ್ಚಿನ ಲೆಕ್ಕದಲ್ಲಿ.

ಬೆಂಗಳೂರಿಗೆ ಜೋಲಾರಪೇಟೆ ಕಡೆಯಿಂದ ರೈಲು ಬಂದದ್ದು 1864ರಲ್ಲಿ. ಕೋಲಾರದ ಚಿನ್ನದ ಗಣಿಗೆ ಬೌರಿಂಗ್‌ಪೇಟೆಯಿಂದ, ಅಂದರೆ ಈಗಿನ ಬಂಗಾರಪೇಟೆಯಿಂದ, 1894ರ ಹೊತ್ತಿಗೆ ಹಳಿ ಬಿತ್ತು. ಚಿನ್ನ ಇದ್ದ ಕಡೆ ದುಡ್ಡು ತಾನಾಗಿ ಓಡಿಬರುತ್ತೆ. ನಮ್ಮಲ್ಲಿದ್ದದ್ದು ರಾಗಿ, ಬೆಲ್ಲ, ಆಲೂಗಡ್ಡೆ. ನಾವು 1915ರವರೆಗೆ ಕಾದೆವು. ಆ ವರ್ಷ ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೆ ರೈಲು ಬಿಟ್ಟದ್ದು ಬೆಂಗಳೂರು–ಚಿಕ್ಕಬಳ್ಳಾಪುರ ಲೈಟ್ ರೈಲ್ವೆ ಎಂಬ ಕಂಪನಿ. ಅದರ ಬಂಡವಾಳದಲ್ಲಿ ಈ ಸೀಮೆಯವರ ಷೇರು ಹಣವೂ ಇತ್ತು.

ಆಗ ದಿವಾನರಾಗಿದ್ದವರು ಪಕ್ಕದ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು. ಊರಿನ ಅಭಿಮಾನಕ್ಕೆ ಎಲ್ಲವನ್ನೂ ಅವರೊಬ್ಬರ ಖಾತೆಗೆ ಬರೆಯುವುದು ಬೇಡ. ಜೇಬಿನಿಂದ ದುಡ್ಡು ತೆಗೆದವರದ್ದೂ ಒಂದು ಪಾಲಿದೆ.

ಹಾಕಿದ್ದು ನ್ಯಾರೋಗೇಜು. ಹಳಿಗಳ ನಡುವೆ 762 ಮಿಲಿಮೀಟರು, ಅಷ್ಟೇ. ಇವತ್ತಿನ ಬ್ರಾಡ್‌ಗೇಜಿನಲ್ಲಿ ಅದು 1676. ಕಿರಿದಾದ ದಾರಿಗೆ ಜಮೀನು ಕಮ್ಮಿ ಸಾಕು, ಹಳಿ ಹಗುರ, ಸೇತುವೆ ಚಿಕ್ಕದು, ಬೆಟ್ಟ ಅಡ್ಡ ಬಂದರೆ ಸುತ್ತಿಕೊಂಡು ಹೋಗಬಹುದು. ರೈಲು ನಿಧಾನ, ಡಬ್ಬಿ ಸಣ್ಣದು ಅಂತ ನಕ್ಕವರಿದ್ದರು, ಸರಿ. ಆದರೆ ಬ್ರಾಡ್‌ಗೇಜೇ ಬೇಕು ಅಂತ ಪಟ್ಟು ಹಿಡಿದಿದ್ದರೆ ಇನ್ನೆಷ್ಟು ವರ್ಷ ಎತ್ತಿನ ಗಾಡಿಯೋ! ಆಮೇಲೆ ಇದೇ ಹಳಿ ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರ ಹಾದು ಕೋಲಾರ ಮುಟ್ಟಿತು. ಚಿಕ್ಕಬಳ್ಳಾಪುರ–ಕೋಲಾರದ ನಡುವೆ ಬ್ರಾಡ್‌ಗೇಜ್ ರೈಲು ಓಡಿದ್ದು 2013ರಲ್ಲಿ.

ಇನ್ನು ಹಾಲ್ಟ್ ವಿಚಾರ. ಮಾಸ್ತರ ಮುಖ್ಯ ಕೆಲಸ ಟಿಕೆಟ್ ಕೊಡುವುದಲ್ಲ. ಒಂದೇ ಹಳಿಯ ಮೇಲೆ ಎದುರುಬದುರು ಬರುವ ರೈಲುಗಳನ್ನು ಸಂಭಾಳಿಸುವುದು, ಅಂದರೆ ಕ್ರಾಸಿಂಗ್ ಮಾಡಿಸುವುದು. ಹಾಲ್ಟ್‌ನಲ್ಲಿ ಸಾಮಾನ್ಯವಾಗಿ ಲೂಪ್ ಲೈನೇ, ಅಂದರೆ ಒಂದು ರೈಲು ಪಕ್ಕಕ್ಕೆ ಸರಿದು ನಿಲ್ಲುವ ಇನ್ನೊಂದು ಹಳಿಯೇ, ಇರುವುದಿಲ್ಲ, ಕ್ರಾಸಿಂಗ್ ಎಲ್ಲಿಂದ ಬರಬೇಕು? ರೈಲು ನಿಲ್ಲುತ್ತೆ, ಜನ ಹತ್ತಿಳಿಯುತ್ತಾರೆ, ಗಾರ್ಡು ಸನ್ನೆ ಕೊಟ್ಟರೆ ಹೊರಡುತ್ತೆ. ಇಂಥ ಕಡೆ ಟಿಕೆಟ್ ಮಾರಲು ರೈಲ್ವೆ ನೌಕರರೇ ಬೇಕಿಲ್ಲ, ಕಮಿಷನ್ ಮೇಲೆ ಏಜೆಂಟರನ್ನು ಇಡುವ ಪದ್ಧತಿಯಿದೆ.

ಈ ದಾರಿಯ ಹಳೇ ಸ್ಟೇಷನ್ ಕಟ್ಟಡಗಳನ್ನು ಉಳಿಸಲು, ಪಾರಂಪರಿಕ ಕಟ್ಟಡಗಳನ್ನು ಕಾಪಾಡುವ ಇಂಟ್ಯಾಕ್ ಸಂಸ್ಥೆಯ ಬೆಂಗಳೂರು ಘಟಕ ಕೈಹಾಕಿದೆ, ಒಳ್ಳೆಯದೇ. 2022ರ ಡಿಸೆಂಬರ್‌ನಲ್ಲಿ ಬೆಟ್ಟ ನೋಡುವವರಿಗೆಂದು ಬೆಂಗಳೂರಿನಿಂದ ಇಲ್ಲಿಗೆ ರೈಲು ಬಿಟ್ಟರು. ಭೋಗನಂದೀಶ್ವರನ ಗುಡಿಗೆ ಇಲ್ಲಿಂದ ನಡೆದೇ ಹೋಗಬಹುದು. ರಸ್ತೆಯಲ್ಲಿ ಬೆಟ್ಟ ಹತ್ತುವವರು ಮಾತ್ರ ಬೇರೆ ಗಾಡಿ ಹಿಡಿಯಬೇಕು. ಆದರೆ ಬರೀ ಪ್ರವಾಸಿಗಳನ್ನು ನೆಚ್ಚಿಕೊಂಡು ಹಾಲ್ಟ್ ಬದುಕುವುದಿಲ್ಲ. ಹೂವಿನ ಮೂಟೆ ಹೊತ್ತವರಿಗೆ, ಕಾಲೇಜಿಗೆ ಹೋಗುವ ಮಕ್ಕಳಿಗೆ ಒಗ್ಗುವ ಹೊತ್ತಿಗೆ ರೈಲು ಬರಬೇಕು. ಕಟ್ಟಡಕ್ಕಿಂತ ಮೊದಲು ನಾವು ಕೇಳಬೇಕಾದ್ದು ಟೈಮ್‌ಟೇಬಲ್ಲು.

ಕೊನೆಗೊಂದು ಕೋರಿಕೆ. ನಿಮ್ಮ ಮನೆಯ ಟ್ರಂಕಿನಲ್ಲಿ ಆ ಕಂಪನಿಯ ಷೇರು ಪತ್ರವೋ, ನ್ಯಾರೋಗೇಜಿನ ಟಿಕೆಟ್ಟೋ ಉಳಿದಿದ್ದರೆ ರದ್ದಿಗೆ ಹಾಕಬೇಡಿ, ನಮಗೆ ತೋರಿಸಿ. ಫೋಟೊ ತೆಗೆದುಕೊಂಡು ವಾಪಸ್ ಕೊಡುತ್ತೇವೆ.