ಸೋಲ್ಜರನ ತಲೆಗೆ ಏಳೂವರೆ ಪೌಂಡ್

ಎಲ್ಲರಿಗೂ ನಮಸ್ಕಾರ.

ಎಂ.ಜಿ. ರಸ್ತೆಗೆ ಹಿಂದೆ ಸೌತ್ ಪರೇಡ್ ಎಂದು ಹೆಸರಿತ್ತು. 1809ರಲ್ಲಿ ಶ್ರೀರಂಗಪಟ್ಟಣದಿಂದ ಬಂದ ದಂಡು ಅದರ ಆಸುಪಾಸಿನಲ್ಲೇ ನೆಲೆಯೂರಿತು. ಅಲ್ಲಿ ಕವಾಯತು ಮಾಡುತ್ತಿದ್ದ ಬ್ರಿಟಿಷ್ ಸೋಲ್ಜರನ ಸಂಬಳ, ಊಟ, ಬಟ್ಟೆ, ಬ್ಯಾರಕ್ಕುಗಳ ಖರ್ಚು ನಮ್ಮ ನೆಲದ ತೆರಿಗೆಯಿಂದ ಹೋಗುತ್ತಿತ್ತೆಂದು ನಿಮಗೆ ಗೊತ್ತಿದೆ. ಆದರೆ ಅವನು ಇಂಗ್ಲೆಂಡಿನಲ್ಲಿ ಹಡಗು ಹತ್ತುವ ಮುಂಚಿನ ಖರ್ಚನ್ನೂ ಭಾರತವೇ ಕಟ್ಟುತ್ತಿತ್ತು. ಇವತ್ತು ಮುಖ್ಯವಾಗಿ ಆ ಬಾಬತ್ತಿನ ಬಗ್ಗೆ ಮಾತಾಡುತ್ತೇನೆ.

ಅದರ ಹೆಸರು ಕ್ಯಾಪಿಟೇಷನ್ ಚಾರ್ಜ್, ಅಂದರೆ ತಲಾ ಶುಲ್ಕ. ಹೊಸಬನನ್ನು ಸೇರಿಸಿಕೊಂಡು, ಡಿಪೋದಲ್ಲಿ ತಿಂಗಳುಗಟ್ಟಲೆ ತರಬೇತಿ ಕೊಟ್ಟು, ಕಳಿಸಲು ತಯಾರು ಮಾಡುವ ವೆಚ್ಚವನ್ನು ಲಂಡನ್ನಿನ ಯುದ್ಧ ಕಚೇರಿ ತಲೆಗಿಷ್ಟು ಎಂದು ಹಂಚಿ ಬಿಲ್ಲು ಕಳಿಸುತ್ತಿತ್ತು. 1861ರ ಹೊತ್ತಿಗೆ ಇದು ತಲೆಗೆ ವರ್ಷಕ್ಕೆ 10 ಪೌಂಡ್. ಪಿಂಚಣಿಯ ಬಾಬ್ತು ಬೇರೆಯೇ 3 ಪೌಂಡ್ 10 ಷಿಲಿಂಗ್ (ಆಗ ಪೌಂಡಿಗೆ 20 ಷಿಲಿಂಗ್, ಷಿಲಿಂಗಿಗೆ 12 ಪೆನ್ಸ್). 1890ರಲ್ಲಿ ತಲಾ ಶುಲ್ಕ 7 ಪೌಂಡ್ 10 ಷಿಲಿಂಗಿಗೆ ಇಳಿಯಿತು, 1908ರಲ್ಲಿ 11 ಪೌಂಡ್ 8 ಷಿಲಿಂಗಿಗೆ ಏರಿತು. ಮೊದಲ ಮಹಾಯುದ್ಧದ ನಂತರ ಬೇಡಿಕೆ 25 ಪೌಂಡ್ ದಾಟಿತು.

ಒಂದು ಲೆಕ್ಕ ಬಿಡಿಸಿ ನೋಡೋಣ. ದೇಶದಲ್ಲಿ 75,000 ಸೋಲ್ಜರರು ಎಂದಿಟ್ಟುಕೊಳ್ಳಿ. ತಲೆಗೆ ಏಳೂವರೆ ಪೌಂಡಿನಂತೆ 5,62,500 ಪೌಂಡ್. ರೂಪಾಯಿಗೆ 2 ಷಿಲಿಂಗ್ ಇದ್ದಾಗ ಇದು 56.25 ಲಕ್ಷ ರೂಪಾಯಿ. ಬೆಳ್ಳಿ ಅಗ್ಗವಾಗಿ ರೂಪಾಯಿ 1 ಷಿಲಿಂಗ್ 4 ಪೆನ್ಸಿಗೆ ನಿಂತ ಮೇಲೆ ಅದೇ ಬಿಲ್ಲು 84 ಲಕ್ಷ ಮೀರುತ್ತದೆ. ಸೈನ್ಯ ಒಬ್ಬ ಆಳಿನಷ್ಟೂ ಬೆಳೆದಿಲ್ಲ. ಬಿಲ್ಲು ಪೌಂಡಿನಲ್ಲಿ, ತೆರಿಗೆ ರೂಪಾಯಿಯಲ್ಲಿ: ವಿನಿಮಯದ ನಷ್ಟವೆಲ್ಲ ಕಟ್ಟುವವನ ತಲೆಗೇ ಬಂತು.

ಇನ್ನೊಂದು ಏಟು 1870ರ ಅಲ್ಪಾವಧಿ ಸೇವೆಯ ಕಾನೂನಿನಿಂದ ಬಿತ್ತು. ಸೋಲ್ಜರ್ ಕೆಲವೇ ವರ್ಷ ದುಡಿದು ತಾಯ್ನಾಡಿನ ಮೀಸಲು ಪಡೆಗೆ ಮರಳತೊಡಗಿದ. ಅವನ ಜಾಗಕ್ಕೆ ಪದೇಪದೇ ಹೊಸಬರು, ಪದೇಪದೇ ತರಬೇತಿ, ಹಡಗಿನ ಬಾಡಿಗೆ. ಮೀಸಲು ಪಡೆಯ ಲಾಭ ಬ್ರಿಟನ್ನಿಗೆ, ಆಳು ಬದಲಿಸುವ ಖರ್ಚು ಭಾರತಕ್ಕೆ. ಭಾರತದ ಆಕ್ಷೇಪಗಳಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದು ಇದೇ ಎಂದು ನನ್ನ ಅಭಿಪ್ರಾಯ.

ಹೊರದೇಶದ ದಂಡಯಾತ್ರೆಗಳ ಲೆಕ್ಕದಲ್ಲಿ 'ಸಾಮಾನ್ಯ ಖರ್ಚು', 'ಹೆಚ್ಚುವರಿ ಖರ್ಚು' ಎಂಬ ಎರಡು ಪದಗಳ ಆಟ ನಡೆಯಿತು. 1867ರ ಅಬಿಸೀನಿಯಾ (ಇಂದಿನ ಇಥಿಯೋಪಿಯಾ) ಯಾತ್ರೆಯಲ್ಲಿ ಭಾರತೀಯ ಪಡೆಗಳ ಮಾಮೂಲಿ ಸಂಬಳ ಭಾರತದ್ದು, ಮಿಕ್ಕದ್ದು ಬ್ರಿಟನ್ನಿನದು. ಇಲ್ಲಿದ್ದರೂ ಸಂಬಳ ಕೊಡಲೇಬೇಕಿತ್ತಲ್ಲ ಎಂಬುದು ಅವರ ವಾದ. ಆ ಪಡೆ ಇಲ್ಲಿಗೆ ಬೇಕೇ ಇದ್ದರೆ ಅಷ್ಟು ತಿಂಗಳು ಹೊರಗೆ ಕಳಿಸಿದ್ದು ಹೇಗೆ ಎಂಬುದಕ್ಕೆ ಉತ್ತರವಿರಲಿಲ್ಲ. 1882ರ ಈಜಿಪ್ಟ್ ಯುದ್ಧಕ್ಕೆ ಬ್ರಿಟನ್ ಕೊಟ್ಟದ್ದು 5 ಲಕ್ಷ ಪೌಂಡ್. ಅದಕ್ಕಿಂತ ದೊಡ್ಡ ಪಾಲು ಭಾರತದ ಮೇಲೆ ಉಳಿಯಿತು.

ನಮ್ಮ ಮೈಸೂರು ಬ್ರಿಟಿಷರಿಗೆ ವರ್ಷವರ್ಷ ಕಟ್ಟುತ್ತಿದ್ದ ಪೊಗದಿಯದೂ (ಕಪ್ಪ) ಇದೇ ಜಾತಿ: 1799ರ ಒಪ್ಪಂದದಲ್ಲಿ 24.5 ಲಕ್ಷ ರೂಪಾಯಿ, 1881ರಲ್ಲಿ ರಾಜ್ಯ ಮರಳಿಸುವಾಗ 35 ಲಕ್ಷವೆಂದು ನಿಗದಿ. ನಾಲ್ವಡಿ ಕೃಷ್ಣರಾಜ ಒಡೆಯರ ರಜತ ಮಹೋತ್ಸವದ ಹೊತ್ತಿಗೆ ಹತ್ತೂವರೆ ಲಕ್ಷ ಬಿಟ್ಟುಕೊಟ್ಟರು.

ಭಾರತದ ಖರ್ಚುವೆಚ್ಚ ಪರಿಶೀಲಿಸಲು 1895ರಲ್ಲಿ ನೇಮಕವಾದ ವೆಲ್ಬಿ ಆಯೋಗದಲ್ಲಿ ದಾದಾಭಾಯಿ ನವರೋಜಿ ಸದಸ್ಯರಾಗಿದ್ದರು. ಗೋಖಲೆ ಸಾಕ್ಷ್ಯ ನುಡಿದರು. ಸಿಕ್ಕ ಪರಿಹಾರ ಚಿಕ್ಕದು. ಆಸ್ಟ್ರೇಲಿಯಾದ ಗ್ಯಾರನ್ ಅಧ್ಯಕ್ಷತೆಯ ನ್ಯಾಯಮಂಡಳಿಯ ವರದಿಯ ನಂತರವೇ, 1933ರಲ್ಲಿ, ಬ್ರಿಟನ್ ವರ್ಷಕ್ಕೆ 15 ಲಕ್ಷ ಪೌಂಡ್ ಕೊಡಲು ಒಪ್ಪಿತು. ಅಲ್ಲಿಯವರೆಗೆ ಬಿಲ್ಲು ಬರೆಯುವವರೇ ಅದರ ನಿಯಮವನ್ನೂ ಬರೆಯುತ್ತಿದ್ದರು.

ಎರಡನೇ ಮಹಾಯುದ್ಧದ ಖರ್ಚು ಹಂಚಿಕೊಳ್ಳಲು ಬ್ರಿಟನ್ ಮತ್ತು ಭಾರತ ಸರ್ಕಾರಗಳು ಮಾಡಿಕೊಂಡ 1939ರ ಒಪ್ಪಂದ ಲೆಕ್ಕವನ್ನೇ ತಿರುಗಿಸಿತು. ಶಾಂತಿಕಾಲದ ಖರ್ಚೆಂದು 36.77 ಕೋಟಿ ರೂಪಾಯಿ, ಅದರ ಬೆಲೆಯೇರಿಕೆ, ಕೇವಲ ಭಾರತದ ರಕ್ಷಣೆಗೆಂದೇ ಕೈಗೊಂಡ ಕ್ರಮಗಳು, ಹೊರಗಿರುವ ಪಡೆಗಳಿಗೆಂದು ಇಡಿಗಂಟು 1 ಕೋಟಿ: ಇಷ್ಟು ಭಾರತದ್ದು, ಉಳಿದದ್ದು ಬ್ರಿಟನ್ನಿನದು. ಕಾಗದದ ಮೇಲೆ ನ್ಯಾಯವೇ. ಆದರೆ ಬ್ರಿಟನ್ನಿನ ಪಾಲು ಲಂಡನ್ನಿನಲ್ಲಿ ಸ್ಟರ್ಲಿಂಗ್ ಜಮೆಯಾಗಿ, ಅಂದರೆ ಪೌಂಡಿನ ಲೆಕ್ಕದಲ್ಲೇ, ಕೂತಿತು. ಇಲ್ಲಿ ಅಕ್ಕಿ, ಬಟ್ಟೆ, ಕೂಲಿಗೆ ತಕ್ಷಣ ರೂಪಾಯಿ ಬೇಕು. ಆ ಜಮೆಯ ಆಧಾರದ ಮೇಲೆ ರಿಸರ್ವ್ ಬ್ಯಾಂಕು ನೋಟು ಹೊರಡಿಸಿತು. ಯುದ್ಧ ಮುಗಿಯುವಷ್ಟರಲ್ಲಿ ಚಲಾವಣೆ ಸುಮಾರು ಆರು ಪಟ್ಟಾಯಿತು, ಬೆಲೆಗಳು ಬಡವರ ಅನ್ನ ಕಿತ್ತುಕೊಂಡವು.

1948ರ ಜುಲೈನಲ್ಲಿ ಆ ಬಾಕಿಯ ಇತ್ಯರ್ಥಕ್ಕೆ ಕೂತಾಗ, ಬ್ರಿಟಿಷರು ಬಿಟ್ಟುಹೋದ ಸೇನಾ ಸಾಮಗ್ರಿ, ಕಟ್ಟಡಗಳಿಗೆಂದು 10 ಕೋಟಿ ಪೌಂಡ್ ಕಳೆಯಲಾಯಿತು. ಬ್ರಿಟಿಷ್ ಅಧಿಕಾರಿಗಳ ಪಿಂಚಣಿಗೆ ವರ್ಷಾಶನ ಕೊಳ್ಳಲು, ಪ್ರಾಂತ್ಯಗಳ ಪಾಲೂ ಸೇರಿ, ಇನ್ನೂ 16.8 ಕೋಟಿ ಪೌಂಡ್ ಅದೇ ಜಮೆಯಿಂದ ಹೋಯಿತು.